ಜೆಕ್ ಫೈರ್ ಪಾಲಿಶ್ ಮಣಿಯ ಬ್ರೇಸ್‌ಲೆಟ್, ಅಳತೆ ತಪ್ಪದ ಹಾಗೆ

ಮುಖ ಮುಖ ಕತ್ತರಿಸಿದ ಗಾಜಿನ ಮಣಿ ಕಂಡ್ರೆ ಎಲ್ಲರೂ ಕ್ರಿಸ್ಟಲ್ ಅಂದುಬಿಡ್ತಾರೆ, ಆದ್ರೆ ಜೆಕ್ ದೇಶದ ಯಾಬ್ಲೊನೆಟ್ಸ್ ಕಡೆ ಮಾಡೋ ಫೈರ್ ಪಾಲಿಶ್ ಮಣಿ ಬೇರೇನೇ. ಗಾಜಿನ ಕಡ್ಡಿ ಬಿಸಿ ಮಾಡಿ ಅಚ್ಚಲ್ಲಿ ಒತ್ತಿ, ಮುಖಗಳನ್ನ ಸಾಣೆ ಹಿಡಿದು, ಕೊನೆಗೆ ಮತ್ತೆ ಕುಲುಮೆಗೆ ಹಾಕ್ತಾರೆ, ಆ ಶಾಖಕ್ಕೆ ಮೇಲ್ಮೈ ಒಂಚೂರು ಕರಗಿ ಹೊಳಪು ಬರತ್ತೆ, ಅಂಚೂ ಮೆತ್ತಗಾಗತ್ತೆ. ಬೆರಳಾಡಿಸಿ ನೋಡಿ, ಮಷೀನ್ ಕಟ್ ಬೈಕೋನ್ (ಎರಡೂ ತುದಿ ಚೂಪಾಗಿರೋ ಕ್ರಿಸ್ಟಲ್ ಮಣಿ) ಚುಚ್ಚತ್ತೆ, ಇದು ಚುಚ್ಚಲ್ಲ. ನಂಗಂತೂ ದಿನಾ ಹಾಕ್ಕೊಳ್ಳೋಕೆ ಇದೇ ಇಷ್ಟ.

ಈಗ ಅಳತೆ, ಎಲ್ಲರೂ ಎಡವೋದು ಇಲ್ಲೇ. ಮಣಿಕಟ್ಟು 16 ಸೆಂ.ಮೀ. ಇದೆ ಅಂತ 16ಕ್ಕೇ ಪೋಣಿಸಿದ್ರೆ ಹಾಕೋಕೇ ಆಗಲ್ಲ, ಯಾಕಂದ್ರೆ ಮಣಿಯ ದಪ್ಪ ಒಳಗಿನ ಜಾಗ ತಿನ್ನತ್ತೆ. ಮಣಿ ಸೈಜಿನ ಮೂರು ಪಟ್ಟು ಚಿಲ್ಲರೆ ಸೇರಿಸ್ಬೇಕು, 6 ಮಿ.ಮೀ. ಮಣಿಗೆ ಸುಮಾರು 1.9 ಸೆಂ.ಮೀ., ಕೈ ಆಡೋಕೆ ಇನ್ನೊಂದು ಅರ್ಧ, ಒಟ್ಟು ಹದಿನೆಂಟೂವರೆ ಅಂತಿಟ್ಕೊಳ್ಳಿ. ಅದ್ರಲ್ಲಿ ಕೊಂಡಿಗೆ 2 ಸೆಂ.ಮೀ. ಹೋದ್ರೆ ಮಣಿಗೆ ಉಳಿಯೋದು ಹದಿನಾರೂವರೆ, ಅಂದ್ರೆ 27 ಮಣಿ. 6 ಮಿ.ಮೀ. ಮಣಿ ಪೋಣಿಸಿ ಮಾರೋ ಎಳೆ ಸಾಮಾನ್ಯವಾಗಿ ಬರೋದು 25 ಮಣಿದು! ನಾನು ಮೊದಲ ಸಲ ಎರಡು ಮಣಿಗೋಸ್ಕರ ಇನ್ನೊಂದು ಎಳೆ ತಗೊಂಡೆ. ಅದರ ಬದಲು ನಡುನಡುವೆ ಒಂದೊಂದು 11 ನಂಬರಿನ ಸಣ್ಣ ಮಣಿ ಹಾಕಿ, ದೊಡ್ಡದು 22 ಸಾಕಾಗತ್ತೆ, ಗಾಜಿಗೆ ಗಾಜು ತಾಗಿ ಚಕ್ಕೆ ಏಳೋದೂ ಕಮ್ಮಿ.

ಹೊಲಿಗೆ ದಾರ ಬೇಡವೇ ಬೇಡ. ಹೊರಗಿನ ಅಂಚು ಎಷ್ಟೇ ಮೆತ್ತಗಿದ್ರೂ ತೂತಿನ ಬಾಯಿ ಹರಿತ ಇರತ್ತೆ, ಕರಿಮಣಿ ಪೋಣಿಸಿ ಗೊತ್ತಿರೋರಿಗೆ ಇದು ಹೇಳ್ಬೇಕಾಗಿಲ್ಲ, ತಿಂಗಳೊಳಗೆ ದಾರ ಸವೆದು ಮಣಿಯೆಲ್ಲ ಮಂಚದ ಕೆಳಗೆ. 0.38 ಮಿ.ಮೀ. ಬೀಡಿಂಗ್ ವೈರ್ ತಗೊಳ್ಳಿ, ಒಳಗೆ ಸ್ಟೀಲ್ ಎಳೆ ಇರೋದು, 35 ಸೆಂ.ಮೀ. ಕತ್ತರಿಸಿ.

ಪೋಣಿಸೋ ಮುಂಚೆ ಬಣ್ಣ ಪರೀಕ್ಷೆ. ಬಿಳಿ ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಒಂದು ಮಣಿ ಉಜ್ಜಿ, ಹತ್ತಿಗೆ ಬಣ್ಣ ಹತ್ತಿದ್ರೆ ಅದು ಬರೀ ಮೇಲಿನ ಲೇಪ, ಬೆವರಿಗೆ ಹೋಗೋದು ಗ್ಯಾರಂಟಿ.

ಆಮೇಲೆ ವೈರಿಗೆ ಒಂದು ಕ್ರಿಂಪ್ (ಒತ್ತಿದ್ರೆ ವೈರ್ ಕಚ್ಚಿ ಹಿಡಿಯೋ ಪುಟ್ಟ ಲೋಹದ ಮಣಿ) ಹಾಕಿ, ಕೊಂಡಿಯ ಉಂಗುರದೊಳಗೆ ತೂರಿಸಿ ವಾಪಸ್ ಅದೇ ಕ್ರಿಂಪಲ್ಲಿ ತನ್ನಿ, ಇಕ್ಕಳದಲ್ಲಿ ಒತ್ತಿ. ಮಣಿ ಪೋಣಿಸ್ತಾ ಹೋಗಿ, ಉಳಿದ ತುದಿನೂ ಮೊದಲ ಎರಡ್ಮೂರು ಮಣಿಯೊಳಗೇ ಸೇರಿಸಿಬಿಡಿ. ಇನ್ನೊಂದು ಕಡೆ ಕ್ರಿಂಪ್ ಒತ್ತೋ ಮುಂಚೆ ಬ್ರೇಸ್‌ಲೆಟ್‌ನ ಗುಂಡಗೆ ಬಗ್ಗಿಸಿ ಹಿಡ್ಕೊಂಡು ಒಂದೆರಡು ಮಿ.ಮೀ. ಸಡಿಲ ಬಿಡಿ, ನೇರ ಇಟ್ಟು ಬಿಗಿ ಎಳೆದ್ರೆ ಕಡ್ಡಿ ಥರ ನಿಂತ್ಕೊಳತ್ತೆ, ಆಮೇಲೆ ಕತ್ತರಿಸಿ ಬಿಚ್ಚೋದೊಂದೇ ದಾರಿ.