ಕುದುರೆ ಬೊಂಬೆಗೆ ಬಣ್ಣದ ಸ್ಲಿಪ್: ಬಿಲ್ಲೆಯಲ್ಲಿ ಬಣ್ಣ, ಕಡ್ಡಿಯಲ್ಲಿ ಕಾಲು

ಬಣ್ಣದ ಸ್ಲಿಪ್ (ಪ್ಲಾಸ್ಟರ್ ಅಚ್ಚಿಗೆ ಎರೆಯುವ ನೀರು ಮಣ್ಣು) ಪರೀಕ್ಷಿಸಲು ಒಂದು ಚಪ್ಪಟೆ ಬಿಲ್ಲೆ ಸುಟ್ಟು ನೋಡುವುದು ರೂಢಿ. ಬಟ್ಟಲಿಗೆ ಅಷ್ಟು ಸಾಕು, ಕುದುರೆಗೆ ಸಾಲದು. ಇಡೀ ಒಡಲಿನ ಭಾರ ನಾಲ್ಕು ಸಣ್ಣ ಕಾಲುಗಳ ಮೇಲಿರುತ್ತದೆ. ಕೆಂಗಂದು ಬಣ್ಣಕ್ಕೆಂದು ಬೆರೆಸಿದ ಕಬ್ಬಿಣದ ಆಕ್ಸೈಡ್ ಹೆಚ್ಚು ಶಾಖದಲ್ಲಿ ಆ ಕಾಲುಗಳನ್ನೇ ಮೆತ್ತಗೆ ಮಾಡಬಲ್ಲದು. ಹಾಗಾಗಿ ಬಣ್ಣ ನೋಡಲು ಬಿಲ್ಲೆ, ಕಾಲಿನ ಬಲ ನೋಡಲು ಕಡ್ಡಿ, ಎರಡನ್ನೂ ಎರೆದು ಸುಡಬೇಕು.

ಮೊದಲು ಬಿಳಿ ಸ್ಲಿಪ್ ತೂಗಿ. 100 ಮಿ.ಲೀ. ಸ್ಲಿಪ್ 175ರಿಂದ 180 ಗ್ರಾಂ ಇರಬೇಕು. 175 ಗ್ರಾಂ ಇದ್ದರೆ ಅದರಲ್ಲಿ ಒಣ ಮಣ್ಣು ಸುಮಾರು 122 ಗ್ರಾಂ, ಉಳಿದದ್ದು ನೀರು. ಸ್ಟೇನ್‌ನ (ಮಣ್ಣಿಗೆ ಬೆರೆಸುವ ಬಣ್ಣದ ಪುಡಿಯ) ಶೇಕಡಾ ಲೆಕ್ಕ ಒಣ ಮಣ್ಣಿನ ಮೇಲೆ. ಶೇ 5 ಎಂದರೆ 6.1 ಗ್ರಾಂ. 175ರ ಮೇಲೆ ಲೆಕ್ಕ ಹಾಕಿದರೆ 8.75 ಗ್ರಾಂ ಬೀಳುತ್ತದೆ, ಅಂದರೆ ನಿಜವಾಗಿ ಶೇ 7ಕ್ಕೂ ಮೇಲೆ. ಒಬ್ಬರ ಪಾಕ ಇನ್ನೊಬ್ಬರಿಗೆ ಕೂಡಿಬರದಿರಲು ಈ ತಪ್ಪೂ ಒಂದು ಕಾರಣ. ಅನುಮಾನವಿದ್ದರೆ 100 ಮಿ.ಲೀ. ಸ್ಲಿಪ್ಪನ್ನು ಪೂರ್ತಿ ಒಣಗಿಸಿ ತೂಗಿಬಿಡಿ.

ಪ್ರತಿ ಪ್ರಮಾಣಕ್ಕೂ ಬೇರೆ ಬೇರೆ ತೂಗುವ ಅಗತ್ಯವಿಲ್ಲ. ಅರ್ಧ ಲೀಟರ್ ಸ್ಲಿಪ್‌ಗೆ 48.8 ಗ್ರಾಂ ಸ್ಟೇನ್ ಸೇರಿಸಿ ಶೇ 8ರದು ಮಾಡಿಕೊಳ್ಳಿ, ಇನ್ನರ್ಧ ಲೀಟರ್ ಬಿಳಿಯಾಗಿಯೇ ಇರಲಿ. ಬಿಳಿ ಮೂರು ಪಾಲು, ಬಣ್ಣ ಒಂದು ಪಾಲು ಬೆರೆಸಿದರೆ ಶೇ 2. ಸಮಪಾಲಿಗೆ ಶೇ 4. ಒಂದಕ್ಕೆ ಮೂರು ಬಣ್ಣವಾದರೆ ಶೇ 6. ಸ್ಟೇನ್ ಕೊಳ್ಳುವಾಗ ಅದು ಮಣ್ಣಿನೊಳಗೆ ಬೆರೆಸಲು ಆಗುವಂಥದ್ದೇ ಎಂದು ಕೇಳಿಕೊಳ್ಳಿ. ಗ್ಲೇಜ್‌ಗೆಂದೇ, ಅಂದರೆ ಸುಟ್ಟಾಗ ಗಾಜಿನಂತಾಗುವ ಹೊರಲೇಪಕ್ಕೆಂದೇ, ಮಾಡಿದ ಕೆಲವು ಮಣ್ಣಿನಲ್ಲಿ ಮಂಕಾಗುತ್ತವೆ. ಪುಡಿಯನ್ನು ಕೆಲವೇ ಚಮಚ ನೀರಿನಲ್ಲಿ ಕಲಸಿ, ಸ್ಲಿಪ್‌ಗೆ ಸೇರಿಸಿ, 80 ಮೆಶ್ (ಅಂಗುಲಕ್ಕೆ 80 ಕಣ್ಣಿನ) ಜರಡಿಯಲ್ಲಿ ಎರಡು ಸಲ ಸೋಸಿ. ಕೋಬಾಲ್ಟ್ ಆಕ್ಸೈಡ್ ಅಷ್ಟಕ್ಕೂ ಜಗ್ಗದೆ ನೀಲಿ ಚುಕ್ಕೆ ಬಿಡುತ್ತದೆ. ಅದನ್ನು ಮೊದಲೇ ಅರೆಯಬೇಕು, ಇಲ್ಲವೇ ಇನ್ನೂ ನಯವಾದ ಕೋಬಾಲ್ಟ್ ಕಾರ್ಬೊನೇಟ್ ಬಳಸಬೇಕು. ಪುಡಿ ತೂಗುವಾಗ ಧೂಳು ತಡೆಯುವ ರೆಸ್ಪಿರೇಟರ್ ಹಾಕಿಕೊಳ್ಳಲೇಬೇಕು.

ಬಣ್ಣ ಬಿದ್ದೊಡನೆ ಸ್ಲಿಪ್ ಮೊಸರಿನಂತೆ ಗಟ್ಟಿಯಾಗುವುದುಂಟು. ಆಗ ನೀರು ಹಾಕಬೇಡಿ. ನೀರು ಹೆಚ್ಚಾದರೆ ಅಚ್ಚು ಬೇಗ ನೆನೆಯುತ್ತದೆ, ಕುಗ್ಗುವಿಕೆ ಹೆಚ್ಚುತ್ತದೆ, ಕಿವಿ ಮತ್ತು ಮೊಣಕಾಲಿನ ಬಳಿ ಬಿರುಕು ಬರುತ್ತದೆ. ಬಣ್ಣದ ಪುಡಿಯ ಕರಗುವ ಲವಣಗಳು ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸಿದ್ದರಿಂದ ಹಾಗಾಗಿರುತ್ತದೆ. ಅವನ್ನು ಬಿಡಿಸಲು ಸೋಡಿಯಂ ಸಿಲಿಕೇಟ್‌ನಂಥ ಡಿಫ್ಲಾಕ್ಯುಲೆಂಟನ್ನು ಹನಿಹನಿಯಾಗಿ ಹಾಕಿ, ಪ್ರತಿ ಹನಿಯ ನಂತರ ಚೆನ್ನಾಗಿ ಕಲಕಿ. ಅದೂ ಮಿತಿಮೀರಿದರೆ ಸ್ಲಿಪ್ ಮತ್ತೆ ಗಟ್ಟಿಯಾಗುತ್ತದೆ. ಆಗ ಇನ್ನಷ್ಟು ಹಾಕಿ ಸರಿಮಾಡಲು ಹೋಗಬೇಡಿ, ಹನಿ ಹಾಕದ, ಅಷ್ಟೇ ಶೇಕಡಾ ಬಣ್ಣದ ಸ್ಲಿಪ್ ಬೆರೆಸಿ ಅದರ ಪಾಲು ತಗ್ಗಿಸಿ. ಒಂದು ದಿನ ಮುಚ್ಚಿಟ್ಟು ಮತ್ತೆ ತೂಗಿ, ಆಮೇಲೆ ಎರೆಯಿರಿ.

ಬಿಲ್ಲೆ 4 ಮಿ.ಮೀ. ದಪ್ಪವಿರಲಿ. ಹಸಿಯಿರುವಾಗಲೇ 100 ಮಿ.ಮೀ. ಗೆರೆ ಎಳೆಯಿರಿ. ಸುಟ್ಟ ಮೇಲೆ ಅದು 88 ಆದರೆ ಕುಗ್ಗಿದ್ದು ಶೇ 12. ಅರ್ಧ ಭಾಗಕ್ಕೆ ಪಾರದರ್ಶಕ ಗ್ಲೇಜ್ ಹಚ್ಚಿ, ಅರ್ಧ ಹಾಗೇ ಬಿಡಿ, ಏಕೆಂದರೆ ಗ್ಲೇಜ್‌ನಡಿ ಬಣ್ಣ ಗಾಢವಾಗುತ್ತದೆ. ಗ್ಲೇಜ್‌ನಲ್ಲಿ ಸತುವಿದ್ದರೆ ಕ್ರೋಮ್ ಇರುವ ಬಣ್ಣಗಳು ಕಂದಿಗೆ ತಿರುಗುತ್ತವೆ. ಬಿಸ್ಕ್ ಹಂತದ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆಯ) ಬಣ್ಣ ನೋಡಿ ತೀರ್ಮಾನಿಸಬೇಡಿ.

ಕಾಲಿನ ಪರೀಕ್ಷೆಗೆ 10 ಮಿ.ಮೀ. ದಪ್ಪ, 150 ಮಿ.ಮೀ. ಉದ್ದದ ಕಡ್ಡಿಗಳನ್ನು ಎರೆಯಿರಿ. ಪ್ರತಿ ಪ್ರಮಾಣಕ್ಕೊಂದು, ಜತೆಗೆ ಬಿಳಿಯದೊಂದು. 120 ಮಿ.ಮೀ. ಅಂತರದ ಎರಡು ಆಸರೆಗಳ ಮೇಲೆ ಅಡ್ಡಲಾಗಿಟ್ಟು, ಬೊಂಬೆಯನ್ನು ಸುಡುವ ಶಾಖಕ್ಕೇ ಸುಡಿ. ನಡುವೆ ಎಷ್ಟು ಜೋತಿದೆ ಎಂದು ಅಳೆಯಿರಿ. ಬಿಳಿಗಿಂತ ಬಣ್ಣದ ಕಡ್ಡಿ ಎದ್ದು ಕಾಣುವಷ್ಟು ಬಾಗಿದ್ದರೆ ಕುದುರೆ ಮಂಡಿಯೂರುವುದು ಖಂಡಿತ. ಕಬ್ಬಿಣ ಕಡಿಮೆ ಮಾಡಿ ಅಥವಾ ಶಾಖ ಇಳಿಸಿ. ಮ್ಯಾಂಗನೀಸ್ ಇರುವ ಕಪ್ಪುಗಳದು ಬೇರೆ ತೊಂದರೆ: ಕಾದಾಗ ಆಮ್ಲಜನಕ ಬಿಟ್ಟು ಮೈಮೇಲೆ ಗುಳ್ಳೆ ಎಬ್ಬಿಸುತ್ತವೆ.

ಹಣೆಯ ಬಿಳಿ ಪಟ್ಟೆ, ಬಿಳಿ ಕಾಲುಗಳು ಬೇಕಿದ್ದರೆ ಅಚ್ಚಿನೊಳಗೆ ಮೊದಲು ಬಿಳಿ ಸ್ಲಿಪ್ ಸುಮಾರು 1 ಮಿ.ಮೀ. ಹಚ್ಚಿ, ಹೊಳಪು ಆರಿದ ತಕ್ಷಣ ಬಣ್ಣದ್ದನ್ನು ಎರೆಯಿರಿ. ಬೇಗ ಎರೆದರೆ ಬಿಳಿ ತೊಳೆದುಹೋಗುತ್ತದೆ. ತಡವಾದರೆ ಬಿಳಿ ಪದರ ಅಚ್ಚಿನಿಂದ ಎದ್ದು, ಅದರ ಹಿಂದೆ ಬಣ್ಣ ನುಗ್ಗುತ್ತದೆ. ಎರಡೂ ಹೊಂದುತ್ತವೆಯೇ ಎಂದು ತಿಳಿಯಲು ಎರಡು ಪದರದ ತೆಳು ಬಿಲ್ಲೆ ಸುಡಿ. ಅದು ಬಟ್ಟಲಂತೆ ಮಡಚಿಕೊಂಡರೆ, ಒಳಮೈಯಲ್ಲಿರುವ ಸ್ಲಿಪ್ ಹೆಚ್ಚು ಕುಗ್ಗಿದೆ ಎಂದರ್ಥ.

ಕಪ್ಪು ಎರೆದ ಅಚ್ಚಿನಲ್ಲಿ ಬಿಳಿ ಎರೆಯಬೇಡಿ; ಪ್ಲಾಸ್ಟರ್‌ನಲ್ಲಿ ಉಳಿದ ಕಲೆ ಮೇಲೆದ್ದು ಬರುತ್ತದೆ. ಅಚ್ಚಿನ ಭಾಗಗಳ ಜೋಡಣೆಯಿಂದ ಮೂಡುವ ಗೆರೆಯನ್ನು ಒದ್ದೆ ಸ್ಪಂಜಿನಿಂದಲೇ ಉಜ್ಜಿ, ಒಣಗಿದ್ದನ್ನು ಕೆರೆದರೆ ಸಿಲಿಕಾ ಧೂಳು ಏಳುತ್ತದೆ.

ಮೊದಲ ಇಡೀ ಕುದುರೆಯನ್ನು ಸುಡುವಾಗ ಹೊಟ್ಟೆಯಡಿ ಅದೇ ಸ್ಲಿಪ್‌ನಲ್ಲಿ ಎರೆದ ಆಸರೆ ಇಡಿ, ಎರಡೂ ಒಟ್ಟಿಗೆ ಕುಗ್ಗುತ್ತವೆ. ತಾಗುವ ಜಾಗಕ್ಕೆ ಅಲ್ಯೂಮಿನಾ ಪುಡಿ ಸವರಿ. ಬಿಲ್ಲೆಯ ಹಿಂದೆ ಸ್ಟೇನ್‌ನ ಸಂಖ್ಯೆ, ಶೇಕಡಾ, ಕೋನ್ (ಸುಟ್ಟ ಶಾಖದ ಮಟ್ಟ ತೋರುವ ಸಂಖ್ಯೆ) ಕೆತ್ತಿಡಿ. ಸ್ಟೇನ್‌ನ ಹೊಸ ಡಬ್ಬಿ ತೆರೆದಾಗಲೆಲ್ಲ ಶೇ 4ರ ಬಿಲ್ಲೆಯೊಂದನ್ನು ಸುಟ್ಟು, ಹಳೆಯದರ ಪಕ್ಕ ಹಗಲಿನ ಬೆಳಕಿನಲ್ಲಿಟ್ಟು ಹೋಲಿಸಿ.