ಈ ಸಿನಿಮಾ ಮಕ್ಕಳಿಗೆ ಆಗ್ತದಾ? ನಾನು ನೋಡುವ ಕ್ರಮ

ಪ್ರೀತಿ, ಕೊಲೆ, ಸಸ್ಪೆನ್ಸ್ ಮೂರೂ ಇರುವ ಸಿನಿಮಾ ಬಂತೆಂದರೆ ತಾಯಂದಿರು ನನ್ನನ್ನು ಕೇಳುತ್ತಾರೆ: "ಟೀಚರೇ, ಮಗ ಹಠ ಹಿಡಿದು ಕೂತಿದ್ದಾನೆ. ತೋರಿಸಬಹುದಾ?" ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಹೈಸ್ಕೂಲೂ ಉಂಟು, ಪ್ಲಸ್ ಟು (ಹನ್ನೊಂದು, ಹನ್ನೆರಡನೇ ಕ್ಲಾಸು) ಕೂಡ ಉಂಟು. 13ರ ಮಕ್ಕಳೂ 17ರ ಮಕ್ಕಳೂ ಒಂದೇ ಅಂಗಳದಲ್ಲಿ ಓಡಾಡುತ್ತಾರೆ. ಇವರಿಗೆಲ್ಲ ಸೇರಿಸಿ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಸಿನಿಮಾವನ್ನು ಪೂರ್ತಿ ನೋಡದೆ ನಾನು ಏನೂ ಹೇಳುವುದೂ ಇಲ್ಲ.

ಮೊದಲು ಸರ್ಟಿಫಿಕೇಟ್ ನೋಡುತ್ತೇನೆ. ಹಿಂದೆ ಎಲ್ಲರೂ ನೋಡಬಹುದಾದ ಯು ಮತ್ತು ದೊಡ್ಡವರಿಗೆ ಮಾತ್ರದ ಎ ನಡುವೆ ಯುಎ ಅಂತ ಒಂದೇ ಇತ್ತು. 2023ರ ತಿದ್ದುಪಡಿಯಲ್ಲಿ ಅದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಎ ಅಂದರೆ 18 ತುಂಬದವರಿಗೆ ಇಲ್ಲ, ಅಲ್ಲಿಗೆ ಮಾತು ಮುಗಿಯಿತು. ಯುಎ 16+ ಹಾಗಲ್ಲ. ಅದು ಮನೆಯವರಿಗೆ ಕೊಟ್ಟ ಸೂಚನೆ ಅಷ್ಟೇ, ತೀರ್ಮಾನ ನಮ್ಮದೇ. ಒಟಿಟಿಯಲ್ಲಿ ಬರುವುದಕ್ಕೆ ಸೆನ್ಸಾರ್ ಮಂಡಳಿ ವರ್ಗ ಕೊಡುವುದಿಲ್ಲ. 2021ರ ನಿಯಮದ ಪ್ರಕಾರ ಕಂಪೆನಿಯವರೇ ಹಾಕಿಕೊಳ್ಳುತ್ತಾರೆ. ಹಾಗಾಗಿ ಥಿಯೇಟರಿನಲ್ಲಿ ಕತ್ತರಿ ಬಿದ್ದ ದೃಶ್ಯ ಮೊಬೈಲಿನಲ್ಲಿ ಇರಲೂಬಹುದು. ಮಕ್ಕಳು ಯಾವುದರಲ್ಲಿ ನೋಡುತ್ತಾರೋ ಅದರಲ್ಲೇ ನಾನೂ ನೋಡುತ್ತೇನೆ. 13+ರಿಂದ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡಲೇಬೇಕು ಅಂತ ಅದೇ ನಿಯಮ ಹೇಳುತ್ತದೆ. ಆ ಲಾಕ್ ಸೆಟ್ ಮಾಡುವ ಕೆಲಸವನ್ನು ಮಗನಿಗೆ ಕೊಡಬೇಡಿ, ನೀವೇ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಸಿನಿಮಾ ಶುರುವಾಗುವಾಗ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಿಂಸೆ, ಬೈಗುಳ, ಡ್ರಗ್ಸ್, ಆತ್ಮಹತ್ಯೆ ಅಂತೆಲ್ಲ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳುತ್ತೇನೆ. ಆದರೆ ಇಷ್ಟರಿಂದ ಸಿನಿಮಾ ಯಾರ ಪಕ್ಷ ಅಂತ ಗೊತ್ತಾಗುವುದಿಲ್ಲ ಅಲ್ವಾ? ನನಗೆ ಮುಖ್ಯ ಅದೇ.

ಅದಕ್ಕೆ ಒಂದು ಉಪಾಯ ಮಾಡುತ್ತೇನೆ. ಒಮ್ಮೆ ಪೂರ್ತಿ ನೋಡಿದ ಮೇಲೆ, ಪ್ರೀತಿಯ ದೃಶ್ಯಗಳನ್ನು ಮಾತ್ರ ಸೌಂಡ್ ತೆಗೆದು ಇನ್ನೊಮ್ಮೆ ನೋಡುತ್ತೇನೆ. ಇತ್ತೀಚೆಗೆ ನೋಡಿದ ಒಂದರಲ್ಲಿ ಹೀರೋ ದಿನಾ ಹುಡುಗಿಯ ಬಸ್ಸು ಹತ್ತುತ್ತಾನೆ. ಅವಳು ಸೀಟು ಬದಲಿಸುತ್ತಾಳೆ, ಇವನೂ ಬದಲಿಸುತ್ತಾನೆ. ಅವಳು ಮುಂದಿನ ಬಸ್ಸಿಗೆ ಕಾಯುತ್ತಾಳೆ, ಇವನೂ ಕಾಯುತ್ತಾನೆ. ಹಿಂದೆ ಚಂದದ ಹಾಡು. ಹಾಡು ಇರುವಾಗ ನನಗೂ ಮನಸ್ಸು ಮೆತ್ತಗಾಯಿತು. ಸೌಂಡ್ ತೆಗೆದಾಗ ಕಂಡದ್ದು ಬೇರೆ. ಹುಡುಗಿ ಬ್ಯಾಗನ್ನು ಎದೆಗೆ ಅವುಚಿ ಹಿಡಿದಿದ್ದಾಳೆ. ಕಣ್ಣು ಬಾಗಿಲ ಕಡೆಗೇ ಇದೆ. ಇಳಿಯುವ ಸ್ಟಾಪ್ ಬರುವ ಮೊದಲೇ ಎದ್ದು ನಿಂತಿದ್ದಾಳೆ. ನಮ್ಮ ಹೆಣ್ಣುಮಕ್ಕಳು ಕುಂಬಳೆ–ಮುಳ್ಳೇರಿಯ ದಾರಿಯ ಬಸ್ಸಿನಲ್ಲಿ ಬರುವವರು. ಹೀಗೆ ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗೆ ಹಿಂದೆ ಬೀಳುವುದು 2013ರಿಂದ ನಮ್ಮಲ್ಲಿ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ, ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು. ಹುಡುಗಿಗೆ 18 ಆಗದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಕೂಡ ಬೀಳಬಹುದು. ಹತ್ತನೇ ಕ್ಲಾಸಿನ ಹುಡುಗನಿಗೆ ಇದು ಗೊತ್ತಿರಬೇಕು. ಹುಡುಗಿ 'ಬೇಡ' ಅಂದದ್ದನ್ನು ಸಿನಿಮಾ ಕೊನೆಗೆ 'ಹೂಂ' ಮಾಡಿಸಿ ಬಹುಮಾನ ಕೊಡುತ್ತದಾದರೆ, ಒಂದು ಹನಿ ರಕ್ತ ಇಲ್ಲದಿದ್ದರೂ ಸಣ್ಣ ಮಕ್ಕಳಿಗೆ ಬೇಡ ಅನ್ನುತ್ತೇನೆ.

ರಕ್ತದ ವಿಷಯದಲ್ಲಿ ನಾನು ಅಷ್ಟು ಗಾಬರಿಯಾಗುವವಳಲ್ಲ. ಕತ್ತಿ, ಮಚ್ಚು, ಕೆಂಪು ಬಣ್ಣ ಇದೆಲ್ಲ ಮೇಕಪ್ ಅಂತ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೊಡೆದ ಮೇಲೆ ಕ್ಯಾಮೆರಾ ಯಾರ ಹತ್ತಿರ ನಿಲ್ಲುತ್ತದೆ ಅಂತ ನೋಡುತ್ತೇನೆ. ಪೆಟ್ಟು ತಿಂದವನ ಮನೆ, ಆಸ್ಪತ್ರೆ, ಅಳುವ ಅಮ್ಮ ಯಾರಾದರೂ ಕಾಣಿಸುತ್ತಾರಾ, ಅಥವಾ ಹೀರೋ ಸ್ಲೋ ಮೋಷನ್‌ನಲ್ಲಿ ನಡೆದು ಹೋಗುವುದು ಮಾತ್ರವಾ? ಎರಡು ವಿಷಯಕ್ಕೆ ಮಾತ್ರ ರಾಜಿ ಇಲ್ಲ. ಅತ್ಯಾಚಾರವನ್ನು ಎಳೆದು ಎಳೆದು ತೋರಿಸಿದರೆ, ಸರ್ಟಿಫಿಕೇಟ್ ಏನೇ ಇರಲಿ, ನನ್ನ ಯಾವ ಕ್ಲಾಸಿಗೂ ಬೇಡ. ಇನ್ನೊಂದು, ಪ್ರೀತಿ ಸಾಬೀತು ಮಾಡಲು ಬ್ಲೇಡಿನಿಂದ ಕೈ ಕೊಯ್ದುಕೊಳ್ಳುವುದು. ಕೊಲೆಗಿಂತ ನನಗೆ ಇದರ ಹೆದರಿಕೆ ಜಾಸ್ತಿ. ಬ್ಲೇಡು ಪ್ರತಿ ಮಗುವಿನ ಕಂಪಾಸ್ ಪೆಟ್ಟಿಗೆಯಲ್ಲೂ ಇರುತ್ತದೆ.

ನಮ್ಮ ಊರಿಗೆ ಇನ್ನೊಂದು ತೊಡಕು ಉಂಟು. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುತ್ತಾರೆ, ಮಕ್ಕಳು ನೋಡುವುದು ಮಲಯಾಳಂ, ತಮಿಳು ಸಿನಿಮಾ. ಎಷ್ಟೋ ಅಜ್ಜಿಯಂದಿರಿಗೆ, ಕರ್ನಾಟಕದಿಂದ ಮದುವೆಯಾಗಿ ಬಂದ ತಾಯಂದಿರಿಗೆ ಪಕ್ಕದಲ್ಲೇ ಕೂತರೂ ಡಯಲಾಗಿನಲ್ಲಿ ಹುಡುಗಿಯ ಬಗ್ಗೆ ಏನಂದರು ಅಂತ ತಿಳಿಯುವುದಿಲ್ಲ. ಅದಕ್ಕೆ ಸುಮ್ನೆ ಆಗುತ್ತದೆ, ಆಗುವುದಿಲ್ಲ ಅನ್ನದೆ, ನಾಲ್ಕೈದು ಮಾತನ್ನು ಕನ್ನಡದಲ್ಲೇ ಅವರಿಗೆ ಹೇಳಿಬಿಡುತ್ತೇನೆ. ಸಿನಿಮಾ ಬಿಡುಗಡೆಯಾದ ವಾರದಲ್ಲೇ ಅದರ ಅತಿ ಕ್ರೂರ ತುಂಡು ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ರೀಲ್ಸಿನಲ್ಲಿ ಓಡಾಡುತ್ತಿರುತ್ತದೆ. ಮಗ ಅದನ್ನು ನೋಡಿಯೇ ಇರುತ್ತಾನೆ. ಕೊಲೆ ಮಾಡಿದವನಿಗೆ ಆಮೇಲೆ ಏನಾಯಿತು ಅಂತ ಆ ತುಂಡಿನಲ್ಲಿ ಇರುವುದಿಲ್ಲ. ದೊಡ್ಡ ಮಕ್ಕಳಿಗೆ ಕೆಲವೊಮ್ಮೆ ಪೂರ್ತಿ ಸಿನಿಮಾವೇ ವಾಸಿ ಅಂತ ನಾನು ಹೇಳುವುದು ಇದಕ್ಕೆ.

ಆ ಬಸ್ಸಿನ ಸಿನಿಮಾವನ್ನು ಪ್ಲಸ್ ಟು ಮಕ್ಕಳು ಆಗಲೇ ನೋಡಿದ್ದರು. ಒಂದು ಬಿಡುವಿನ ಪೀರಿಯಡ್‌ನಲ್ಲಿ ಕೇಳಿದೆ: "ಈ ಕಥೆಯನ್ನು ಆ ಹುಡುಗಿಯ ಅಮ್ಮ ಹೇಳಿದ್ದರೆ ಹೇಗೆ ಹೇಳುತ್ತಿದ್ದರು?" ಹುಡುಗರ ಕಡೆಯಿಂದ ಒಬ್ಬ, "ಅಮ್ಮ ಮೊದಲ ದಿನವೇ ಸ್ಟೇಷನ್ನಿಗೆ ಹೋಗ್ತಿದ್ರು ಟೀಚರ್, ಕಥೆಯೇ ಇರ್ತಿರಲಿಲ್ಲ" ಅಂದ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಅಮ್ಮನಿಗೆ ಗೊತ್ತೇ ಆಗುವುದಿಲ್ಲ ಟೀಚರ್. ಮನೆಯಲ್ಲಿ ಹೇಳಿದರೆ ನಮ್ಮ ಶಾಲೆಯೇ ಬಿಡಿಸ್ತಾರೆ." ಅವಳ ಹತ್ತಿರ ಕೂತಿದ್ದವರೆಲ್ಲ ಹೌದು ಹೌದು ಅಂದರು. ಸಿನಿಮಾದ ಚರ್ಚೆ ಅಲ್ಲಿಗೆ ನಿಂತಿತು. ಉಳಿದ ಹೊತ್ತು ಬಸ್ಸಿನ ಬಗ್ಗೆಯೇ ಮಾತಾಡಿದೆವು. ಮಕ್ಕಳ ಸಹಾಯವಾಣಿ 1098ಕ್ಕೆ ಮಕ್ಕಳೇ ಫೋನ್ ಮಾಡಬಹುದು ಅಂತ ಅಲ್ಲಿ ಹಲವರಿಗೆ ತಿಳಿದಿರಲಿಲ್ಲ. ಬೋರ್ಡಿನಲ್ಲಿ ಬರೆದೆ.

ತಾಯಂದಿರಿಗೆ ಆ ಸಿನಿಮಾದ ಬಗ್ಗೆ ಹೀಗೆ ಹೇಳಿದೆ: ಎಂಟು, ಒಂಬತ್ತನೇ ಕ್ಲಾಸಿನವರಿಗೆ ಬೇಡ. ಹತ್ತನೆಯವರಿಗೆ ನೀವು ಪಕ್ಕದಲ್ಲಿ ಕೂತರೆ ಮಾತ್ರ. ಪ್ಲಸ್ ಟು ಮಕ್ಕಳು ನೋಡಲಿ, ಆದರೆ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಬೇಡ, ಹಾಲಿನ ಟಿವಿಯಲ್ಲಿ ನೋಡಲಿ. ಅಣ್ಣ ತಮ್ಮ ಇಬ್ಬರೂ ಇರುವ ಮನೆಯಲ್ಲಿ ತಮ್ಮನನ್ನು ಆ ಸಂಜೆ ಅಜ್ಜಿ ಮನೆಗೆ ಕಳಿಸಿ. ಮತ್ತೆ, ಮಗಳು ಯಾರೋ ಹಿಂದೆ ಬರುತ್ತಾನೆ ಅಂತ ಹೇಳಿದರೆ ಅವಳನ್ನು ಶಾಲೆ ಬಿಡಿಸುವುದಿಲ್ಲ ಅಂತ ಈಗಲೇ, ಸಿನಿಮಾ ನೋಡುವ ಮೊದಲೇ, ಅವಳಿಗೆ ಬಾಯಿಬಿಟ್ಟು ಹೇಳಿ.