ದೊಡ್ಡ ಸ್ವಾಮಿಯೋರ ಗಂಟೆ

ಹಾಸನದ ಕಡೆಯ ನಮ್ಮೂರ ಚರ್ಚಿನಲ್ಲಿ ಎರಡು ಗಂಟೆಗಳಿವೆ. ದೊಡ್ಡದು ‘ದೊಡ್ಡ ಸ್ವಾಮಿಯೋರು ತಂದದ್ದು’ ಅಂತ ನಮ್ಮಜ್ಜಿ ಹೇಳುತ್ತಿದ್ದರು. ದೊಡ್ಡ ಸ್ವಾಮಿಯೋರು ಅಂದರೆ ಅಬ್ಬೆ ದುಬುವಾ, 1792ರಲ್ಲಿ ಫ್ರಾನ್ಸಿನಿಂದ ಬಂದು ಮೈಸೂರು ಸೀಮೆಯಲ್ಲಿ ಓಡಾಡಿದ ಪಾದ್ರಿ. ನೋಡೇಬಿಡೋಣ ಅಂತ ಕಳೆದ ಬೇಸಿಗೆಯಲ್ಲಿ ಗೋಪುರ ಹತ್ತಿದೆ.

ಹತ್ತಿದಷ್ಟೇ ಬೇಗ ಇಳಿದೆ. ಹೆಜ್ಜೇನು! ಅದು ತಾನಾಗಿ ಎದ್ದು ಹೋಗುವವರೆಗೆ ಕಾದೆ.

ಗಂಟೆಗೆ ಯಾರೋ ಪುಣ್ಯಾತ್ಮರು ಬೆಳ್ಳಿ ಬಣ್ಣ ಬಳಿದಿದ್ದರು. ಅಕ್ಷರಗಳೆಲ್ಲ ಮುಚ್ಚಿಹೋಗಿವೆ. ಗಂಟೆ ಹೊಡೆಯುವ ತಾತ ಕೆಳಗಿನಿಂದಲೇ, ‘ಹುಣಸೆಹಣ್ಣು ಹಾಕಿ ತಿಕ್ಕಪ್ಪ, ಫಳಫಳ ಅಂತದೆ’ ಅಂದರು. ಅದೊಂದು ಮಾತ್ರ ಮಾಡಬೇಡಿ. ಹಳೆ ಕಂಚಿನ ಮೇಲಿನ ಹಸಿರು ಪದರವೇ ಅದಕ್ಕೆ ರಕ್ಷಣೆ. ಹುಳಿ ಅದನ್ನೇ ತಿನ್ನುತ್ತದೆ.

ನಾನು ಮಾಡಿದ್ದಿಷ್ಟು. ಮೊದಲು ಗಂಟೆಯ ನಾಲಿಗೆಗೆ ಟವೆಲ್ ಸುತ್ತಿ ಕಟ್ಟಿದೆ, ತಪ್ಪಿ ಬಡಿದರೆ ಕಿವಿ ಹೋಗುತ್ತದಲ್ವಾ. ಆಮೇಲೆ ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ಟಾರ್ಚನ್ನು ಗಂಟೆಯ ಮೈಗೆ ಒತ್ತಿ, ಓರೆಯಾಗಿ ಬೆಳಕು ಬಿಟ್ಟೆ. ನೇರ ಬೆಳಕಿನಲ್ಲಿ ಏನೂ ಕಾಣದು. ಓರೆ ಬೆಳಕಿಗೆ ಅಕ್ಷರದ ನೆರಳು ಬಿತ್ತು. ‘ಮೆ ಫೆಚಿತ್’. ಲ್ಯಾಟಿನ್‌ನಲ್ಲಿ ‘ನನ್ನನ್ನು ಮಾಡಿದನು’ ಅಂತ. ಗಂಟೆಯೇ ಮಾತಾಡುವ ಹಾಗೆ ಬರೆಯುವುದು ಯುರೋಪಿನ ಎರಕದವರ ರೂಢಿ. ಮಾಡಿದವನ ಹೆಸರು ಮಾತ್ರ ಬಣ್ಣದಡಿ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ರೋಮನ್ ಅಂಕಿ: ಎಂ, ಡಿ, ಮೂರು ಸಿ, ಒಂದು ಐ. 1801! ಭಾನುವಾರ ಪೂಜೆ ಮುಗಿದ ಮೇಲೆ ಊರಿಗೆಲ್ಲ ಹೇಳಿಕೊಂಡು ಬಂದೆ.

ಸುಮ್ನೆ ಇರಬೇಕಿತ್ತು. ಮುಂದಿನ ವಾರ ಬಟರ್ ಪೇಪರ್ ಒತ್ತಿ ಹಿಡಿದು, ಪೆನ್ಸಿಲ್ ಮಲಗಿಸಿ ಉಜ್ಜಿದೆ. ಆ ‘ಐ’ಗೆ ಬಲಕ್ಕೆ ಒಂದು ಪುಟ್ಟ ಪಾದ ಮೂಡಿತು. ಅದು ಎಲ್. ಅಂದರೆ 1850. ಅದರಾಚೆ ಬಣ್ಣ ಗಂಟುಗಟ್ಟಿದೆ, ಇನ್ನೂ ಅಂಕಿ ಇರಬಹುದು. ಇದ್ದರೆ ವರ್ಷ ಮುಂದಕ್ಕೇ ಹೋಗುತ್ತದೆ, ಹಿಂದಕ್ಕಂತೂ ಬರುವುದಿಲ್ಲ. ದುಬುವಾ 1823ರಲ್ಲೇ ಫ್ರಾನ್ಸಿಗೆ ಮರಳಿದರು, 1848ರಲ್ಲಿ ತೀರಿಕೊಂಡರು.

ಬಾಯಿಯ ಅಗಲ ಅಳೆದೆ, 60 ಸೆಂಟಿಮೀಟರ್. ಒಂದು ಮೀಟರ್ ಅಗಲದ ಕಂಚಿನ ಗಂಟೆ ಸುಮಾರು 600 ಕೆಜಿ ತೂಗುತ್ತದೆ. ಅಗಲ ಕಮ್ಮಿಯಾದರೆ ತೂಕ ಅದರ ಘನದಷ್ಟು (0.6 × 0.6 × 0.6) ಇಳಿಯುತ್ತದೆ. ಆ ಲೆಕ್ಕದಲ್ಲಿ ಇದು ಸುಮಾರು 130 ಕೆಜಿ, ಎರಡೂವರೆ ಮೂಟೆ ಸಿಮೆಂಟು.

ಚಿಕ್ಕ ಗಂಟೆಯ ಮೇಲೆ ಅಕ್ಷರವೇ ಇಲ್ಲ. ಆದರೆ ಹಸಿರಿನ ಬದಲು ಕೆಂಪು ತುಕ್ಕು. ಫ್ರಿಡ್ಜಿನ ಮ್ಯಾಗ್ನೆಟ್ ಇಟ್ಟೆ, ಟಕ್ ಅಂತ ಹಿಡಿದುಕೊಂಡಿತು. ಕಂಚಾದರೆ ಹಿಡಿಯುತ್ತಿರಲಿಲ್ಲ, ಕಂಚು ಅಂದರೆ ತಾಮ್ರ ಮತ್ತು ತವರದ ಮಿಶ್ರಣ, ಅವೆರಡಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. 1850ರ ದಶಕದಿಂದ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಉಕ್ಕಿನ ಗಂಟೆ ಎರಕ ಹೊಯ್ಯುತ್ತಿದ್ದರು, ಕಂಚಿಗಿಂತ ಅಗ್ಗ. ಇದೂ ಆ ಜಾತಿಯದೇ ಇರಬಹುದು ಅನ್ನೋದು ನನ್ನ ಊಹೆ.

ಇಳಿದು ತಾತನಿಗೆ ಎಲ್ಲ ವಿವರಿಸಿದೆ. ‘ಹಂಗಾದ್ರೆ ಇನ್ಯಾರೋ ದೊಡ್ಡ ಸ್ವಾಮಿಯೋರು ತಂದಿರ್ತಾರೆ ಬಿಡಪ್ಪ’ ಅಂದು ಸಂಜೆ ಆರರ ಪ್ರಾರ್ಥನೆ ಗಂಟೆಯ ಹಗ್ಗ ಹಿಡಿದರು. ಮೂರು, ಮೂರು, ಮೂರು, ಆಮೇಲೆ ಒಂಬತ್ತು ಬಾರಿಸಬೇಕು. ಮೊದಲ ಎಳೆತಕ್ಕೇ ಮೇಲಿನಿಂದ ‘ದಬ್’ ಅಂತು. ಟವೆಲ್ ಬಿಚ್ಚುವುದನ್ನು ಮರೆತಿದ್ದೆ.